ಇಲ್ಲೊಂದು ಮೊಳಿ ಕಮ್ಮಿ ಐತಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಮಕ್ಕಳ ಪುಟದಲ್ಲಿ ಮಕ್ಕಳೇ ಬರೆದ ಒಂದು ಕವಿತೆ ಬರುತ್ತಿತ್ತು. ಬಲಗಡೆ ಕೆಳಗೆ, ಚುಕ್ಕಿ ಸೇರಿಸಿ ಚಿತ್ರ ಬಿಡಿಸುವ ಆಟದ ಪಕ್ಕದಲ್ಲಿ. ಕೆಲವು ತಿಂಗಳಿಂದ ಅದು ಕಾಣುತ್ತಿಲ್ಲ. ಮೊದಲ ವಾರ ಜಾಹೀರಾತಿಗೆ ಜಾಗ ಬೇಕಾಗಿರಬಹುದು ಅಂದುಕೊಂಡೆ. ಎರಡನೇ ವಾರವೂ ಹಾಗೇ ಅಂದುಕೊಂಡೆ. ಈಗ ಅಲ್ಲಿ ಸಾಮಾನ್ಯ ಜ್ಞಾನದ ಪ್ರಶ್ನೆಗಳು ಬರುತ್ತಿವೆ. ಪ್ರಶ್ನೆಗಳು ಇರಲಿ, ಮಕ್ಕಳಿಗೆ ಅವೂ ಬೇಕು. ಆದರೆ ಕವಿತೆಯ ಜಾಗ ಹೋದದ್ದು ನನಗೆ ನಿಜಕ್ಕೂ ಸಂಕಟ ತಂದಿದೆ. ಯಾಕೆ ಅಂತ ಹೇಳಬೇಕಾದರೆ ನಮ್ಮ ಮನೆಯ ಕತೆಯನ್ನೇ ಹೇಳಬೇಕು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಹುಟ್ಟಿದ್ದು 1968ರಲ್ಲಿ, ಗದಗ-ಬೆಟಗೇರಿಯಲ್ಲಿ. ಆಗ ಗದಗ ಜಿಲ್ಲೆ ಅನ್ನುವುದೇ ಇರಲಿಲ್ಲ, ಹಾವೇರಿಯೂ ಇರಲಿಲ್ಲ, ಎಲ್ಲ ಧಾರವಾಡ ಜಿಲ್ಲೆಯೇ. ಅವು ಬೇರೆ ಆದದ್ದು 1997ರಲ್ಲಿ. ಗದಗನ್ನು ಮುದ್ರಣ ಕಾಶಿ ಅಂತ ಕರೆಯುತ್ತಾರೆ, ನಿಮಗೆ ಗೊತ್ತೇ ಇದೆ. ಆ ಕಾಶಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ನಮ್ಮಪ್ಪ ಮೊಳೆ, ಅಂದರೆ ಅಚ್ಚಿನ ಅಕ್ಷರ, ಜೋಡಿಸುವ ಕೆಲಸ ಮಾಡುತ್ತಿದ್ದರು. ಕಂಪೋಜಿಟರ್. ಓದಿದ್ದು ನಾಲ್ಕನೇ ಇಯತ್ತೆ. ಎಡಗೈಯಲ್ಲಿ ಸ್ಟಿಕ್ ಅನ್ನುವ, ಸಾಲು ಕೂಡಿಸುವ ಸಣ್ಣ ತಟ್ಟೆ ಹಿಡಿದು ಬಲಗೈಯಲ್ಲಿ ಒಂದೊಂದೇ ಸೀಸದ ಮೊಳೆ ಹೆಕ್ಕಿ ಕೂಡಿಸುತ್ತಿದ್ದರು. ಕನ್ನಡದ ಕೇಸಿನಲ್ಲಿ ಖಾನೆಗಳು ಜಾಸ್ತಿ. ಕಾಗುಣಿತ ಬೇರೆ, ಒತ್ತಕ್ಷರ ಬೇರೆ. ಯಾವ ಖಾನೆಯಲ್ಲಿ ಯಾವ ಅಕ್ಷರ ಅಂತ ಅವರ ಬೆರಳಿಗೇ ಗೊತ್ತಿತ್ತು, ಕಣ್ಣು ಕೆಳಗೆ ಹೋಗುತ್ತಲೇ ಇರಲಿಲ್ಲ. ಮೊಳೆಯಲ್ಲಿ ಅಕ್ಷರ ಕನ್ನಡಿಯೊಳಗಿನ ಹಾಗೆ ತಿರುಗಿರುತ್ತದೆ. ಮಧ್ಯಾಹ್ನ ಅಪ್ಪನಿಗೆ ಬುತ್ತಿ ಒಯ್ದು ಕೊಡುವುದು ನನ್ನ ಕೆಲಸ. ಹಾಗೆ ನಾನು ಶಾಲೆಯ ಹಲಗೆಯ ಮೇಲೆ ನೆಟ್ಟಗಿನ ಅಕ್ಷರ ಕಲಿಯುವ ಹೊತ್ತಿಗೇ ಪ್ರೆಸ್ಸಿನಲ್ಲಿ ತಿರುಗಿದ ಅಕ್ಷರವನ್ನೂ ಕಲಿತೆ.

ಪ್ರೆಸ್ಸಿಗೆ ಬರುತ್ತಿದ್ದ ಕೆಲಸ ಏನೇನು ಅಂತೀರಿ. ಲಗ್ನಪತ್ರಿಕೆ, ರಸೀದಿ ಪುಸ್ತಕ, ನಾಟಕ ಕಂಪನಿಯ ಹ್ಯಾಂಡ್‌ಬಿಲ್, ನಾಟಕದ ಹಾಡಿನ ಪುಸ್ತಕ, ಭಜನಾ ಪದಗಳು, ಮದುವೆಯ ಮಂಗಲಾಷ್ಟಕ. ಒಂದು ಸಲ ಕಾವ್ಯ ಹಾಡಿ ಓದುವ ಗಮಕಿಗಳೊಬ್ಬರು ಕುಮಾರವ್ಯಾಸನ ಆಯ್ದ ಪದ್ಯಗಳ ಸಣ್ಣ ಪುಸ್ತಕ ಮಾಡಿಸಿದರು. ಅಪ್ಪ ಪದ್ಯದ ಕೆಲಸ ಬಂದರೆ ಬಾಯಿಬಿಟ್ಟು ಓದುತ್ತಾ ಜೋಡಿಸುತ್ತಿದ್ದರು. ಗದ್ಯಕ್ಕೆ ಹಾಗೆ ಮಾಡುತ್ತಿರಲಿಲ್ಲ. ಯಾಕಪ್ಪಾ ಅಂತ ಕೇಳಿದ್ದಕ್ಕೆ, "ಪದ್ಯದಾಗ ತಪ್ಪ ಬಿದ್ರ ಕಿವಿಗೆ ಗೊತ್ತಾಗತೈತಿ, ಕಣ್ಣಿಗೆ ಗೊತ್ತಾಗೂದಿಲ್ಲ" ಅಂದರು. ಜೋಡಿಸುತ್ತಾ ಓದುತ್ತಾ ಇದ್ದವರು ಒಮ್ಮೆಲೆ ನಿಲ್ಲುತ್ತಿದ್ದರು. ಕಾಲಿನ ತಾಳವೂ ನಿಲ್ಲುತ್ತಿತ್ತು. "ಇಲ್ಲೊಂದು ಮೊಳಿ ಕಮ್ಮಿ ಐತಿ ನೋಡವ್ವಾ" ಅನ್ನುತ್ತಿದ್ದರು. ಕೈಬರಹದ ಹಾಳೆ ತೆಗೆದು ನೋಡಿದರೆ ಹೌದು, ಒಂದು ಒತ್ತಕ್ಷರ ಬಿಟ್ಟುಹೋಗಿರುತ್ತಿತ್ತು.

ಇದರ ಲೆಕ್ಕ ನನಗೆ ತಿಳಿದದ್ದು ಹೈಸ್ಕೂಲಿಗೆ ಹೋದ ಮೇಲೆ. ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ ಮಾತ್ರೆ, ಲಘು ಅಂದರೆ ಒಂದು ಮಾತ್ರೆಯ ಅಕ್ಷರ, ಗುರು ಅಂದರೆ ಎರಡು ಮಾತ್ರೆಯದು ಅಂತ ಕನ್ನಡದ ಮಾಸ್ತರರು ಹೇಳಿಕೊಟ್ಟರು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಆಗುತ್ತದೆ. "ಹಕ್ಕಿ" ಅಂದರೆ ಮೂರು ಮಾತ್ರೆ, ಒತ್ತು ಬಿದ್ದುಹೋಗಿ "ಹಕಿ" ಆದರೆ ಎರಡೇ. ಅಪ್ಪನ ಕಿವಿ ಹಿಡಿಯುತ್ತಿದ್ದದ್ದು ಆ ಒಂದು ಮಾತ್ರೆಯನ್ನು! ಕುಮಾರವ್ಯಾಸ ಬರೆದದ್ದು ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ, ಅದರಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಅಂತ ನಡಿಗೆ. ಸಣ್ಣ ಸಾಲು ನಾಲ್ಕು, ಒಂದೊಂದಕ್ಕೆ 14 ಮಾತ್ರೆ. ಮೂರನೆಯದು ಮತ್ತು ಆರನೆಯದು ಉದ್ದ, 23 ಮಾತ್ರೆ. ಇಡೀ ಪದ್ಯಕ್ಕೆ 102. ಆ ದಿನ ನಾನು ಮನೆಗೆ ಓಡಿಬಂದು ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರು ರೊಟ್ಟಿ ತಿನ್ನುವುದನ್ನು ಬಿಟ್ಟು ಕೇಳಿದರು. "ಹಂಗೇನು? ಲೆಕ್ಕ ಐತೇನು ಅದಕ್ಕ?" ಅಂದರು. ಆಮೇಲೆ ಬೆರಳು ಮಡಚಿ ಮಡಚಿ ಒಂದು ಪದ್ಯ ಎಣಿಸಿದರು. ಸರಿಯಾಗಿ ಬಂತು. ಅವರ ಮುಖದ ಆ ಸಂತೋಷ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ವೀರನಾರಾಯಣನ ಗುಡಿಗೆ ಹೋದಾಗಲೆಲ್ಲ ಅಪ್ಪ ಕುಮಾರವ್ಯಾಸನ ಕಂಬದ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಕುಮಾರವ್ಯಾಸ ಅಂದರೆ ನಾರಣಪ್ಪ, ಕೋಳಿವಾಡದವನು, ಹುಬ್ಬಳ್ಳಿ ತಾಲೂಕು. ಬರೆದದ್ದು ಇಲ್ಲಿ ಅಂತ ನಮ್ಮೂರಿನವರ ಹೆಮ್ಮೆ. ಕೋನೇರಿಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ಕಂಬದ ಹತ್ತಿರ ಕೂತರೆ, ಬಟ್ಟೆ ಆರುವ ತನಕ ಪದ್ಯ ಹರಿದು ಬರುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ. ಬಳಪ ಹಿಡಿಯದೆ, ಬರೆದ ಪದವನ್ನು ಅಳಿಸದೆ ಬರೆಯುವುದು ತನ್ನ ಹೆಚ್ಚುಗಾರಿಕೆ ಅಂತ ಅವನೇ ಹೇಳಿಕೊಂಡಿದ್ದಾನೆ. ಅದನ್ನು ನಾನು ಅಪ್ಪನಿಗೆ ಓದಿ ಹೇಳಿದಾಗ ಅವರು ತುಂಬಾ ಹೊತ್ತು ಸುಮ್ಮನಿದ್ದು, "ಅವ ಅಳಿಸಲಿಲ್ಲ. ನಾವು ಕಿತ್ತು ಮತ್ತ ಕೂಡಿಸಬೇಕು" ಅಂದರು. ಮೊಳೆಯ ಬಗ್ಗೆ ಹೇಳಿದರೋ, ನನಗೆ ಹೇಳಿದರೋ, ಆಗ ನಾನು ಕೇಳಲಿಲ್ಲ. ನಾನು ಇವತ್ತಿಗೂ ಒಂದು ಸಾಲನ್ನು ಹತ್ತು ಸಲ ಕೀಳುತ್ತೇನೆ.

ನನ್ನ ಮೊದಲ ಕವಿತೆ ಬರೆದದ್ದು ಹನ್ನೊಂದನೇ ವರ್ಷಕ್ಕೆ. ಪ್ರೆಸ್ಸಿನ ಒಂದು ಹಳೆಯ ಕೇಸು ಮುರಿದು ಅಟ್ಟದ ಮೇಲೆ ಇಟ್ಟಿದ್ದರು, ಅದರ ಖಾಲಿ ಖಾನೆಯಲ್ಲಿ ಗುಬ್ಬಿ ಗೂಡು ಕಟ್ಟಿತ್ತು. ಆ ಗುಬ್ಬಿಯ ಮೇಲೆ ಹತ್ತು ಸಾಲು ಬರೆದೆ. ಅಪ್ಪನಿಗೆ ಓದಿ ತೋರಿಸಿದರೆ ಮೂರನೇ ಸಾಲಿಗೆ ಬಂದಾಗ ಕೈ ಎತ್ತಿದರು. "ಒಂದು ಮೊಳಿ ಕಮ್ಮಿ ಐತಿ." ಮೊಳೆಯೇ ಇಲ್ಲದ, ಪಾಟಿಯ ಮೇಲೆ ಬರೆದ ಕವಿತೆ ಅದು! ಸಾಲು ತಿದ್ದಿಕೊಂಡು ಬಂದೆ. ಮರುದಿನ ಊಟದ ಬಿಡುವಿನಲ್ಲಿ ಅವರು ಅದನ್ನು ಮೊಳೆಯಲ್ಲಿ ಜೋಡಿಸಿ, ಉಳಿದಿದ್ದ ಲಗ್ನಪತ್ರಿಕೆಯ ಗುಲಾಬಿ ಕಾಗದದ ಮೇಲೆ ಒಂದೇ ಒಂದು ಪ್ರತಿ ತೆಗೆದು ಕೊಟ್ಟರು. ಆಮೇಲೆ ಮೊಳೆಗಳನ್ನೆಲ್ಲ ಬಿಚ್ಚಿ ಅವುಗಳ ಖಾನೆಗೆ ಹಾಕಿದರು. ಆ ಕಾಗದಕ್ಕೆ ಸೀಮೆಎಣ್ಣೆಯ ವಾಸನೆ ಇತ್ತು, ಅಪ್ಪನ ಕೈಗೂ ಅದೇ ವಾಸನೆ.

ಅದನ್ನೇ ನಕಲು ಮಾಡಿ ಒಂದು ಪತ್ರಿಕೆಯ ಮಕ್ಕಳ ವಿಭಾಗಕ್ಕೆ ಕಳಿಸಿದೆ. ಹೆಸರು ಬೇಡ, ಈಗ ಅದು ನಿಂತುಹೋಗಿದೆ. ಅಂಚೆಚೀಟಿ ಹಚ್ಚಿ, ವಿಳಾಸ ಬರೆದ ಲಕೋಟೆ ಒಳಗಿಟ್ಟು ಕಳಿಸುವುದು ಆಗಿನ ಪದ್ಧತಿ. ಒಂದು ತಿಂಗಳಾದ ಮೇಲೆ ಉತ್ತರ ಬಂತು. ಕವಿತೆ ವಾಪಸ್ ಬಂದಿತ್ತು, ಜೊತೆಗೆ ಒಂದು ಚೀಟಿ ಇತ್ತು. ಗುಬ್ಬಿ ಚೆನ್ನಾಗಿದೆ, ಕೊನೆಯ ಎರಡು ಸಾಲು ಬೇಡ, ಅಲ್ಲಿ ಗುಬ್ಬಿ ಹಾರಿಹೋಗಿ ಬರೀ ಉಪದೇಶ ಉಳಿದಿದೆ, ಅವೆರಡನ್ನು ಬಿಟ್ಟು ಮತ್ತೆ ಕಳಿಸು ಮಗು, ಅಂತ. ನಾನು ಕೊನೆಯಲ್ಲಿ ಗುಬ್ಬಿಯ ಹಾಗೆ ನಾವೂ ದುಡಿಯೋಣ, ದೇಶ ಕಟ್ಟೋಣ ಅಂತ ಬರೆದಿದ್ದೆ. ಶಾಲೆಯಲ್ಲಿ ಎಲ್ಲ ಪದ್ಯಗಳೂ ಹಾಗೇ ಮುಗಿಯುತ್ತಿದ್ದವು ಅಲ್ವಾ, ಮುಗಿಸಬೇಕಾದ್ದೇ ಹಾಗೆ ಅಂದುಕೊಂಡಿದ್ದೆ. ಎರಡು ಸಾಲು ತೆಗೆದು ಕಳಿಸಿದೆ. ಅಚ್ಚಾಯಿತು. ಯಾರು ಆ ಚೀಟಿ ಬರೆದರೋ ನನಗೆ ಗೊತ್ತಿಲ್ಲ, ಕೆಳಗೆ ಬರೀ ಒಂದು ಗೀಟಿನ ಸಹಿ. ಸಂಪಾದಕರೇ, ಇಬ್ಬರಿಂದ ನಾನು ಕವಿತೆ ಕಲಿತೆ. ಒಬ್ಬರು ನಾಲ್ಕನೇ ಇಯತ್ತೆ ಓದಿದ ನಮ್ಮಪ್ಪ. ಇನ್ನೊಬ್ಬರು ಮುಖವೇ ನೋಡದ ಆ ಮನುಷ್ಯ. ಅವರಿಗೆ ಆ ಚೀಟಿ ಬರೆಯಲು ಎರಡು ನಿಮಿಷ ಹಿಡಿದಿರಬಹುದು.

ನಂತರದ್ದು ಬೇಗ ಹೇಳುತ್ತೇನೆ. 1981ರ ಅಕ್ಟೋಬರ್ 26ಕ್ಕೆ ಬೇಂದ್ರೆಯವರು ತೀರಿಕೊಂಡರು. ದೀಪಾವಳಿಯ ದಿನಗಳು. ಅಪ್ಪ ಅವರನ್ನು ನೋಡಿದವರಲ್ಲ, ಧಾರವಾಡ ಆಕಾಶವಾಣಿಯಲ್ಲಿ ಕೇಳಿದ್ದಷ್ಟೇ. ಬೇಂದ್ರೆಯವರು ಕವಿತೆಯನ್ನು ಹಾಡಿದ ಹಾಗೆ ಓದುತ್ತಿದ್ದರು. ಅರ್ಥ ಆಮೇಲೆ ಬರುತ್ತಿತ್ತು, ಮೊದಲು ದನಿ ಬಂದು ಬಡಿಯುತ್ತಿತ್ತು. ಆ ರಾತ್ರಿ ನಮ್ಮ ಓಣಿಯಲ್ಲಿ ಪಟಾಕಿ ಹಾರುತ್ತಿದ್ದಾಗ ಅಪ್ಪ ಒಳಗೆ ಕೂತು, ಬಾಯಿಗೆ ಬರುತ್ತಿದ್ದ ಅವರ ಪದಗಳನ್ನು ಮೆಲ್ಲಗೆ ಹೇಳಿಕೊಂಡರು. ಒಂಬತ್ತನೇ ಇಯತ್ತೆಯಲ್ಲಿ ಶಾಲೆಯ ಗ್ಯಾದರಿಂಗಿನಲ್ಲಿ ನಾನು ನನ್ನದೇ ಕವಿತೆ ಓದಿದೆ. ಶಿಕ್ಷಕರೊಬ್ಬರು ಎಲ್ಲರೆದುರು "ಯಾವ ಪುಸ್ತಕದಿಂದ ಎತ್ತಿದಿ?" ಅಂತ ಕೇಳಿದರು. ಎರಡು ವರ್ಷ ಪೆನ್ನು ಮುಟ್ಟಲಿಲ್ಲ. ಚೀಟಿಯ ಒಂದು ಮಾತು ನನ್ನನ್ನು ಬರೆಸಿತು, ಈ ಒಂದು ಮಾತು ನಿಲ್ಲಿಸಿತು. ಮಕ್ಕಳ ವಿಷಯದಲ್ಲಿ ದೊಡ್ಡವರ ಮಾತಿಗೆ ಅಷ್ಟು ಬಲ ಇರುತ್ತದೆ.

1989ರಲ್ಲಿ ಮದುವೆಯಾಗಿ ಬ್ಯಾಡಗಿಗೆ ಬಂದೆ. ಯಜಮಾನರದು ಹಿಟ್ಟಿನ ಗಿರಣಿ. ಜೋಳ, ಗೋಧಿ ಒಂದು ಕಡೆ, ಖಾರ ಕುಟ್ಟುವ ಮಷಿನ್ ಇನ್ನೊಂದು ಕಡೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಆದರೂ ಸುಗ್ಗಿಯಲ್ಲಿ ಇಡೀ ದಿನ ಕುಟ್ಟಿಸಿದರೆ ಕಣ್ಣು ಮೂಗು ಉರಿದುಹೋಗುತ್ತದೆ. ಮಕ್ಕಳು, ಮನೆ, ಗಿರಣಿ. ಹದಿನಾಲ್ಕು ವರ್ಷ ಒಂದು ಸಾಲೂ ಬರೆಯಲಿಲ್ಲ. ಓದು ಮಾತ್ರ ಬಿಡಲಿಲ್ಲ, ಸಾಮಾನು ಕಟ್ಟಿಕೊಟ್ಟ ಪೇಪರಿನಲ್ಲಿ ಕವಿತೆ ಕಂಡರೂ ಬಿಡಿಸಿ ಓದುತ್ತಿದ್ದೆ. ಅಷ್ಟರಲ್ಲಿ ಗದಗಿನಲ್ಲಿ ಆಫ್‌ಸೆಟ್ ಬಂತು, ಡಿಟಿಪಿ ಬಂತು. ಅಪ್ಪನ ಪ್ರೆಸ್ಸಿನ ಮೊಳೆಗಳನ್ನು ಕಿಲೋ ಲೆಕ್ಕದಲ್ಲಿ ತೂಗಿ ಮಾರಿದರು. ಅಪ್ಪ ಒಂದು ಹಿಡಿ ತಂದಿದ್ದರು. ಅವು ಈಗ ನನ್ನ ಹತ್ತಿರ ಪೇಡೆಯ ಡಬ್ಬಿಯಲ್ಲಿವೆ. 2003ರಲ್ಲಿ ಅಪ್ಪ ಹೋದರು.

ಮತ್ತೆ ಬರೆಯಲು ಹಚ್ಚಿದ್ದು ಗಿರಣಿಗೆ ಬರುವ ಹೆಂಗಸರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಅಜ್ಜಿ ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕೂತು ತ್ರಿಪದಿ ಹಾಡುತ್ತಿದ್ದರು. ಎರಡು ಸಾಲಿಗೆ ಕಲ್ಲು ತಿರುಗುವುದು, ಮೂರನೇ ಸಾಲಿಗೆ ಒಂದು ಮುಷ್ಟಿ ಜೋಳ ಹಾಕುವುದು. ಅದೇ ತ್ರಿಪದಿಯಲ್ಲೇ ನಮ್ಮ ಸರ್ವಜ್ಞ ಮಾತಾಡಿದ್ದು. ಅಬಲೂರು, ಮಾಸೂರು ನಮ್ಮ ಜಿಲ್ಲೆಯವೇ. ಗಿರಣಿ ಬಂದ ಮೇಲೆ ಬೀಸುವ ಕಲ್ಲು ಹಿತ್ತಲಿಗೆ ಹೋಯಿತು, ಹಾಡಿಗೆ ಕೆಲಸ ಇಲ್ಲದಾಯಿತು. ಗಿರಣಿ ಬಂದದ್ದು ಒಳ್ಳೆಯದೇ. ಆ ತೋಳು ನೋವು ನನಗೆ ಗೊತ್ತಿದೆ, ಅಜ್ಜಿಯ ತೋಳು ನಾನೇ ತಿಕ್ಕಿದ್ದೇನೆ. ಹಾಡು ಚೆಂದ ಅಂತ ಹೆಂಗಸರು ಕಲ್ಲು ಬೀಸುತ್ತಲೇ ಇರಬೇಕಿತ್ತು ಅಂತ ಹೇಳುವವರನ್ನು ನಾನು ಒಪ್ಪುವುದಿಲ್ಲ. ಆದರೆ ಹಾಡು ಎಲ್ಲಿಗೆ ಹೋಗಬೇಕು? ನನ್ನ ಗಿರಣಿಯ ಪಾಳಿಯಲ್ಲಿ ಕೂತ ವಯಸ್ಸಾದ ಹೆಂಗಸರನ್ನು ಕೇಳಲು ಶುರು ಮಾಡಿದೆ. ಮೊದಲು ನಾಚಿಕೊಂಡರು. ಒಬ್ಬರು "ಕೈಗೆ ಕಲ್ಲಿನ ಗೂಟ ಇಲ್ಲಂದ್ರ ಹಾಡು ನೆನಪಾಗೂದಿಲ್ಲ ತಂಗಿ" ಅಂದರು. ಅವತ್ತು ರಾತ್ರಿ ಲೆಕ್ಕದ ಪುಸ್ತಕದ ಹಿಂದೆ ಮೂರು ಸಾಲು ಬರೆದೆ:

ಗಿರಣಿಗೆ ಬಂದೀನಿ ಕೈಕಟ್ಟಿ ನಿಂತೀನಿ
ತಿರುಗೂವ ಕಲ್ಲ ಮರತೀನಿ – ನನ್ನವ್ವ
ಕೊರಳಾನ ಹಾಡು ಬರವಲ್ದು

ಹದಿನಾಲ್ಕು ವರ್ಷದ ನಂತರ ಬರೆದ ಸಾಲುಗಳು ಇವು. ಮರುವಾರ ಆ ಅಮ್ಮನಿಗೇ ಓದಿ ಹೇಳಿದೆ. ಅವರು ಇನ್ನೊಂದು ಸಲ ಹೇಳು ಅಂದರು. ಆಮೇಲೆ ಡಬ್ಬಿಯ ಕಂಠ ಹಿಡಿದು ತಿರುಗಿಸುತ್ತಾ ತಾವೇ ಒಂದು ಹಳೆಯ ಪದ ತೆಗೆದರು. ಮೋಟಾರಿನ ಸದ್ದಿನಲ್ಲಿ ಅರ್ಧ ಕೇಳಿಸಲಿಲ್ಲ, ಯಜಮಾನರು ಎದ್ದು ಗಿರಣಿ ಬಂದ್ ಮಾಡಿದರು. ಪಾಳಿಯಲ್ಲಿದ್ದವರು ಯಾರೂ ತಕರಾರು ಮಾಡಲಿಲ್ಲ. ಈಗ ನನ್ನ ಹತ್ತಿರ ಅಂಥ ಹಾಡುಗಳ ನಾಲ್ಕು ನೋಟುಬುಕ್ ಇವೆ. ನನ್ನ ಕವಿತೆಗಳದು ಒಂದೂವರೆ.

ಈಗ ಮಕ್ಕಳ ವಿಷಯಕ್ಕೆ ಬರುತ್ತೇನೆ. ಶಾಲೆ ಬಿಟ್ಟ ಮೇಲೆ ಹಿಟ್ಟು ಬೀಸಿಸಲು ಮಕ್ಕಳೇ ಜಾಸ್ತಿ ಬರುತ್ತಾರೆ. ಕನ್ನಡ ಪುಸ್ತಕದ ಯಾವುದಾದರೂ ಒಂದು ಪದ್ಯ ಹೇಳು ಅಂತ ನಾನು ಕೇಳುತ್ತೇನೆ. ಹತ್ತರಲ್ಲಿ ಏಳು ಮಕ್ಕಳು ಪದ್ಯ ಹೇಳುವುದಿಲ್ಲ, ಸಾರಾಂಶ ಹೇಳುತ್ತಾರೆ! "ಈ ಪದ್ಯದಲ್ಲಿ ಕವಿಯು..." ಅಂತ ಗೈಡಿನಲ್ಲಿ ಇದ್ದದ್ದು ಇದ್ದ ಹಾಗೆ. ಕಂಠಪಾಠಕ್ಕೆ ಗುರುತು ಹಾಕಿಕೊಟ್ಟ ಕೆಲವು ಸಾಲು ಬರುತ್ತವೆ, ಅವನ್ನೂ ದಂಟು ಮುರಿದ ಹಾಗೆ ಹೇಳುತ್ತಾರೆ. ಮಕ್ಕಳ ತಪ್ಪು ಅಲ್ಲ. ಶಿಕ್ಷಕರನ್ನೂ ಬಯ್ಯುವುದಿಲ್ಲ, ಅವರಿಗೆ ಪಾಠ ಮುಗಿಸುವ ಒತ್ತಡ, ಬೇರೆ ನೂರು ಕೆಲಸ. ಆದರೆ ಪದ್ಯ ಮೊದಲು ಕಿವಿಗೆ ಬೀಳಬೇಕು ಅಂತ ನಾನು ಜೋರಾಗಿ ಹೇಳುತ್ತೇನೆ. ನಾಲ್ಕು ದಿನ ಸುಮ್ನೆ ಹಾಡಲಿ, ತಾಳ ಹಾಕಲಿ, ತಪ್ಪು ಹಾಡಲಿ. ಅರ್ಥ ಐದನೇ ದಿನ ಹೇಳಿದರೂ ಆಗುತ್ತದೆ. ನಾನು ಕುಮಾರವ್ಯಾಸನ ಪದ್ಯ ಬಾಯಿಗೆ ಬಂದು ಆರು ವರ್ಷ ಆದ ಮೇಲೆ ಅದರ ಅರ್ಥ ತಿಳಿದುಕೊಂಡೆ. ನನಗೇನೂ ನಷ್ಟ ಆಗಲಿಲ್ಲ.

ಛಂದಸ್ಸು ಇದ್ದರೆ ಮಾತ್ರ ಕವಿತೆ ಅಂತ ಇದರ ಅರ್ಥ ಅಲ್ಲ. ನಮ್ಮ ಗದಗಿನ ಹತ್ತಿರದ ಹೊಂಬಳದವರು ಚೆನ್ನವೀರ ಕಣವಿಯವರು. ಅವರ ಸುನೀತಗಳನ್ನು, ಹದಿನಾಲ್ಕು ಸಾಲಿನ ಕವಿತೆಗಳನ್ನು, ಎಷ್ಟು ಪ್ರೀತಿಯಿಂದ ಓದಿದ್ದೇನೋ, ಈಗಿನ ಹುಡುಗ ಹುಡುಗಿಯರು ಮೊಬೈಲಿನಲ್ಲಿ ಬರೆಯುವ ಬಿಡಿ ಸಾಲುಗಳನ್ನೂ ಅಷ್ಟೇ ಪ್ರೀತಿಯಿಂದ ಓದುತ್ತೇನೆ. ಅದರಲ್ಲಿ ಮಾತ್ರೆ ಎಣಿಸಲು ಬರುವುದಿಲ್ಲ, ಆದರೆ ಉಸಿರು ಎಲ್ಲಿ ನಿಲ್ಲಬೇಕು ಅನ್ನುವುದು ಅಲ್ಲೂ ಇದೆ. ಬಾಯಿಬಿಟ್ಟು ಓದಿದರೆ ಒಂದು ಮೊಳೆ ಕಮ್ಮಿ ಇದ್ದದ್ದು ಅಲ್ಲೂ ಗೊತ್ತಾಗುತ್ತದೆ. ಕಿವಿ ತಯಾರಾಗಿದ್ದರೆ ಅವರು ಯಾವ ದಾರಿಯಲ್ಲಾದರೂ ಬರೆಯಲಿ.

ನಮ್ಮ ಸುತ್ತಮುತ್ತ ನೋಡಿ. ಕಾಗಿನೆಲೆ ನಮ್ಮದೇ ತಾಲೂಕು, ಕನಕದಾಸರು ಹುಟ್ಟಿದ ಬಾಡ ಮತ್ತು ಶರೀಫಜ್ಜನ ಶಿಶುನಾಳ ಎರಡೂ ಶಿಗ್ಗಾಂವಿ ತಾಲೂಕು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಆದಾಗ ಇವರ ಹೆಸರುಗಳನ್ನೆಲ್ಲ ನಾವು ಹೆಮ್ಮೆಯಿಂದ ಹೇಳಿಕೊಂಡೆವು. ನಾನೂ ಹೋಗಿದ್ದೆ, ಪುಸ್ತಕದ ಮಳಿಗೆಗಳಲ್ಲಿ ಕಾಲು ನೋಯುವ ತನಕ ತಿರುಗಿದೆ. ಆದರೆ ಸಮ್ಮೇಳನ ಮೂರು ದಿನಕ್ಕೆ ಮುಗಿಯುತ್ತದೆ. ಪೇಪರ್ ದಿನಾ ಬೆಳಿಗ್ಗೆ ಬಾಗಿಲಿಗೆ ಬರುತ್ತದೆ. ಬ್ಯಾಡಗಿಯ ಒಂದು ಹುಡುಗಿಗೆ ತನ್ನ ಹೆಸರನ್ನು ಅಚ್ಚಿನಲ್ಲಿ ನೋಡಲು ಬೇರೆ ಜಾಗ ಎಲ್ಲಿದೆ?

ಹಾಗಾಗಿ ಕೇಳಿಕೊಳ್ಳುತ್ತಿದ್ದೇನೆ. ಆ ಜಾಗ ತಿರುಗಿ ಕೊಡಿ. ಅರ್ಧ ಕಾಲಂ ಸಾಕು. ವಾರಕ್ಕೆ ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ ಕೊಡಿ. ಇಂಗ್ಲಿಷ್ ಮಾಧ್ಯಮದ ಮಕ್ಕಳು ಚೆಂದಾಗಿ ಟೈಪ್ ಮಾಡಿ ಕಳಿಸಿದ್ದರ ಜೊತೆಗೆ, ಹಳ್ಳಿಯ ಶಾಲೆಯಿಂದ ಪೆನ್ಸಿಲಿನಲ್ಲಿ ಬರೆದು ಬಂದದ್ದನ್ನೂ ತೆಗೆದುಕೊಳ್ಳಿ. ಅವರು ಮನೆಯಲ್ಲಿ ಆಡುವ ಮಾತಿನಲ್ಲೇ ಬರೆದಿದ್ದರೆ ಗ್ರಂಥಸ್ಥ ಭಾಷೆಗೆ ತಿದ್ದಬೇಡಿ. ಇನ್ನೊಂದು ಮಾತು, ನನಗೆ ಇದು ಎಲ್ಲಕ್ಕಿಂತ ಮುಖ್ಯ. ಅಚ್ಚು ಮಾಡಲು ಆಗದ ಕವಿತೆಗೂ ಒಂದು ಸಾಲು ಉತ್ತರ ಬರೆಯಿರಿ. ನಿಮಗೆ ಬರುವ ರಾಶಿ ಎಷ್ಟು ಅಂತ ನಾನು ಊಹಿಸಬಲ್ಲೆ, ಎಲ್ಲರಿಗೂ ಆಗಲಿಕ್ಕಿಲ್ಲ. ವಾರಕ್ಕೆ ಐದು ಮಕ್ಕಳಿಗೆ ಬರೆದರೂ ಆಯಿತು. "ಮೂರನೇ ಸಾಲು ಜೋರಾಗಿ ಓದಿ ನೋಡು" ಅಂತ ಇಷ್ಟೇ ಇದ್ದರೂ ಆ ಮಗು ಆ ಕಾಗದವನ್ನು ಇಟ್ಟುಕೊಳ್ಳುತ್ತದೆ. ನನಗೆ ಬಂದ ಚೀಟಿ ಈಗಲೂ ನನ್ನ ಹತ್ತಿರ ಇದೆ, ಆ ಗುಲಾಬಿ ಕಾಗದದ ಜೊತೆಗೆ. ಈ ಕೆಲಸಕ್ಕೆ ನಿಮಗೆ ಕೈ ಸಾಲದಿದ್ದರೆ ನಾನು ಮಾಡಿಕೊಡುತ್ತೇನೆ. ತಮಾಷೆಗೆ ಹೇಳುತ್ತಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಗಿರಣಿಯಲ್ಲಿ ಗಿರಾಕಿ ಕಡಿಮೆ. ಕಟ್ಟು ಕಳಿಸಿಕೊಟ್ಟರೆ ಓದಿ, ಒಂದೊಂದಕ್ಕೂ ಬರೆದು ತಿರುಗಿ ಕಳಿಸುತ್ತೇನೆ. ದುಡ್ಡು ಬೇಡ.

ಈ ಪತ್ರದ ಜೊತೆ ಒಂದು ಕವಿತೆ ಇಟ್ಟಿದ್ದೇನೆ. ನಮ್ಮ ಗಿರಣಿಗೆ ಬರುವ ಆರನೇ ತರಗತಿಯ ಹುಡುಗಿಯದು. ಪಾಳಿಯಲ್ಲಿ ಕೂತು, ನನ್ನ ರಸೀದಿ ಪುಸ್ತಕದ ಹಾಳೆಯ ಮೇಲೆ ಬರೆದಳು. ನಾನು ಒಂದಕ್ಷರವನ್ನೂ ತಿದ್ದಿಲ್ಲ:

ಗಿರಣಿ ಪಟ್ಟಾ ತಿರಗತೈತಿ
ಜೋಳ ಹೋಗಿ ಹಿಟ್ಟ ಬರತೈತಿ
ನಸಿಕಿಲೆ ಅವ್ವ ರೊಟ್ಟಿ ಬಡಿತಾಳ
ನನ್ನ ನಿದ್ದಿ ಕೆಡಿಸ್ತಾಳ

ಇದನ್ನು ಬಾಯಿಬಿಟ್ಟು ಓದಿ ನೋಡಿ, ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಇನ್ನೂ ಎರಡು ಸಾಲು ಸೇರಿಸಲಾ, ಅವ್ವನಿಗೆ ಸಹಾಯ ಮಾಡಬೇಕು ಅಂತ, ಅಂದಳು. ಬೇಡ ಅಂದೆ. ಅಚ್ಚು ಮಾಡುತ್ತೀರೋ ಇಲ್ಲವೋ ಅದು ನಿಮಗೆ ಬಿಟ್ಟದ್ದು. ಅಂಚೆಚೀಟಿ ಹಚ್ಚಿದ ಲಕೋಟೆ ಒಳಗಿದೆ, ಮೇಲೆ ಅವಳ ಶಾಲೆಯ ವಿಳಾಸ ಅವಳೇ ಬರೆದಿದ್ದಾಳೆ. ಭಾನುವಾರ ಬೆಳಿಗ್ಗೆ ಗಿರಣಿ ತೆಗೆಯುವ ಮೊದಲೇ ಬಂದು ನಿಮ್ಮ ಪೇಪರ್ ನೋಡುತ್ತೇನೆ ಅಂತ ಹೇಳಿ ಹೋಗಿದ್ದಾಳೆ.

ನಿಮ್ಮ ಹಳೆಯ ಓದುಗಿ,
ಬ್ಯಾಡಗಿ, ಹಾವೇರಿ ಜಿಲ್ಲೆ